ಲಕ್ಕಿಡಿಯ ಸರಪಳಿ

ಅದ್ಭುತ ಕಥನವೆಂದರೆ ಅಡಗೂಲಜ್ಜಿಯ ಕತೆ, ಮಕ್ಕಳಿಗಷ್ಟೇ ಸಲ್ಲತಕ್ಕದ್ದು ಎಂದು ನಮ್ಮಲ್ಲಿ ಹಲವರು ತಿಳಿದಂತಿದೆ. ಕಂಡದ್ದನ್ನು ಕಂಡಂತೆ ಬರೆದರಷ್ಟೇ ಸಾಹಿತ್ಯವಂತೆ! ವಯನಾಡಿನಲ್ಲಿ ಬಾಳುವ ನಾವು ಇದನ್ನು ಒಪ್ಪಲಾರೆವು.

ತಾಮರಶ್ಶೇರಿ ಘಾಟಿಯನ್ನೇರಿ ಬಂದವರೆಲ್ಲ ಲಕ್ಕಿಡಿಯ ಸರಪಳಿ ಮರವನ್ನು ಕಂಡವರೇ. ಪಣಿಯ ಕುಲದ ಕರಿಂತಂಡನ್ ಆಂಗ್ಲ ಎಂಜಿನಿಯರನಿಗೆ ಬೆಟ್ಟದ ದಾರಿ ತೋರಿಸಿದನು. ಕೀರ್ತಿ ತನಗೊಬ್ಬನಿಗೇ ಸಲ್ಲಲೆಂದು ಆ ದೊರೆ ಅವನನ್ನು ಕೊಂದನು. ಪ್ರೇತವಾಗಿ ದಾರಿಹೋಕರನ್ನು ಕಾಡಿದವನನ್ನು ಮಂತ್ರವಾದಿಯೊಬ್ಬನು ಮರಕ್ಕೆ ಬಿಗಿದನು ಎಂಬುದು ಐತಿಹ್ಯ. ಪ್ರೇತವುಂಟೆ ಎಂದು ನಗುವವರನ್ನು ನಾವು ಕೇಳುತ್ತೇವೆ: ಪ್ರೇತವಿಲ್ಲದಿದ್ದರೆ ಆ ಕೊಲೆಯ ಸುದ್ದಿಯನ್ನು ಇಲ್ಲಿಯವರೆಗೆ ಹೊತ್ತು ತರುತ್ತಿದ್ದವರು ಯಾರು? ಕೊಂದವನಿಗೆ ಸರಪಳಿ ಬೀಳಲಿಲ್ಲ, ಸತ್ತವನಿಗೆ ಬಿತ್ತು. ಇದಕ್ಕಿಂತ ಕಟುವಾದ ವಾಸ್ತವವನ್ನು ಯಾವ ವಾಸ್ತವವಾದಿ ಬರೆದಾನು?

1980ರ 'ಕರ್ವಾಲೊ'ದಲ್ಲಿ ತೇಜಸ್ವಿಯವರು ಹಾರುವ ಓತಿಯ ಬೆನ್ನು ಹತ್ತಿದರು. ಅದರಿಂದ ಮಲೆನಾಡಿನ ಬದುಕೇನೂ ಮಸುಕಾಗಲಿಲ್ಲ.

ಕಳೆದ ಸಲದ ಕಥಾಸ್ಪರ್ಧೆಯಲ್ಲಿ, ಕಾಡಾನೆಯೇ ತನ್ನ ಕತೆ ಹೇಳುವ ಬರಹವೊಂದನ್ನು 'ವಸ್ತು ನೈಜವಲ್ಲ' ಎಂದು ಬದಿಗಿಟ್ಟೆವು. ಹೌದು, ತೀರ್ಪುಗಾರರಲ್ಲಿ ನಾವೂ ಇದ್ದೆವು. ಬರೆದವಳು ಒಂಬತ್ತನೆಯ ತರಗತಿಯ ಹುಡುಗಿ. ಈ ವರ್ಷ ಅವಳಿಂದ ಕತೆ ಬರಲಿಲ್ಲ. ನಿಯಮಾವಳಿಯಿಂದ ಆ 'ನೈಜ' ಎಂಬ ಪದವನ್ನು ಈ ಸಮ್ಮೇಳನದಲ್ಲೇ ತೆಗೆದುಹಾಕಬೇಕು.