ಕಡಲ ಸವಾರಿ
ಗೋವೆಯ ಬಾಗಾ ತೀರದಲ್ಲಿ ಜೆಟ್ ಸ್ಕೀ ಬಾಡಿಗೆಗೆ ಹಿಡಿಯುವ ಗೃಹಸ್ಥರು ಅದನ್ನು ನೀರಿನ ಸ್ಕೂಟರೆಂದೇ ಬಗೆಯುತ್ತಾರೆ. ಅಪಾಯವಿರುವುದು ಅಲ್ಲಿಯೇ. ಅಡಿಯಿಂದ ಹೀರಿದ ನೀರನ್ನು ಹಿಂದಿನ ಕೊಳವೆಯಿಂದ ರಭಸವಾಗಿ ಚಿಮ್ಮಿಸಿ ಈ ವಾಹನ ಮುಂದೋಡುತ್ತದೆ. ಹಿಡಿಯನ್ನು ತಿರುಗಿಸಿದರೆ ಆ ಕೊಳವೆಯ ಬಾಯಿ ಓರೆಯಾಗಿ ದಾರಿ ಬದಲಾಗುತ್ತದೆ. ಎದುರಿಗೆ ದೋಣಿ ಕಂಡು ಗಾಬರಿಯಿಂದ ವೇಗವನ್ನು ಪೂರ್ತಿ ತಗ್ಗಿಸಿದರೋ, ಚಿಮ್ಮುವ ನೀರಿನೊಡನೆ ತಿರುಗುವ ಶಕ್ತಿಯೂ ಅಡಗಿ, ವಾಹನವು ನೇರವಾಗಿ ದೋಣಿಯತ್ತಲೇ ಸಾಗುತ್ತದೆ. ತಿರುಗಲು ತುಸು ವೇಗ ಉಳಿದಿರಲೇಬೇಕು. ಬಾಡಿಗೆಗಾಗಿ ಅರ್ಧ ಗಂಟೆ ಚೌಕಾಸಿ ಮಾಡುವ ಯಜಮಾನರು ಇದನ್ನು ಮಾತ್ರ ವಿಚಾರಿಸುವುದಿಲ್ಲ. ಮಣಿಕಟ್ಟಿಗೆ ಸಿಕ್ಕಿಸುವ ಸುರುಳಿದಾರವೂ ಅವರಿಗೆ ಅಲಂಕಾರವೇ. ಸವಾರ ಬಿದ್ದೊಡನೆ ಎಂಜಿನ್ನು ನಿಲ್ಲುವುದು ಅದರಿಂದ. ಹೊಸಬರು ನುರಿತ ಚಾಲಕನನ್ನು ಹಿಂದೆ ಕೂರಿಸಿಕೊಳ್ಳುವುದು ಮೇಲು. ಮಡದಿಮಕ್ಕಳೆದುರು ಪೌರುಷ ಸ್ವಲ್ಪ ಕಡಮೆಯಾದೀತು, ಅಷ್ಟೆ.