ನಿಂತವರಿಗೆ ದಕ್ಕುವ ಊರುಗಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಹೆಸರಾಂತ ತಿನಿಸುಗಳ ಹುಟ್ಟನ್ನು ವಿಚಾರಿಸಿ ನೋಡಿದರೆ, ಅವುಗಳಲ್ಲಿ ಬಹುಪಾಲು ನಿಂತ ಬಂಡಿಗಳ ಋಣದಿಂದಲೇ ಲೋಕಕ್ಕೆ ಬಂದವೆಂಬುದು ಗೋಚರವಾಗುತ್ತದೆ. 1917ರಲ್ಲಿ ಮದ್ದೂರಿನ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು, ಸದಾ ತಡವಾಗಿ ಬರುತ್ತಿದ್ದ ಗಾಡಿಯು ಒಂದು ದಿನ ಬೇಗನೆ ಬಂದುಬಿಡಲಾಗಿ, ಪಕೋಡ ಕರಿಯುವಷ್ಟು ವ್ಯವಧಾನವಿಲ್ಲದೆ ಕಲಸಿಟ್ಟಿದ್ದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರೆಂದೂ, ಮದ್ದೂರು ವಡೆಯೆಂದು ಪ್ರಸಿದ್ಧವಾದದ್ದು ಅದೇ ಎಂದೂ ಹೇಳುವ ಕಥೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕಥೆಯ ವಿವರಗಳು ಹೇಗೇ ಇರಲಿ, ಅದರೊಳಗಿನ ತರ್ಕ ಸುಳ್ಳಲ್ಲ: ಗಾಡಿ ಕೆಲವು ನಿಮಿಷ ನಿಲ್ಲದಿದ್ದರೆ ವಡೆ ಇಲ್ಲ. ಬಿಡದಿಯ ತಟ್ಟೆ ಇಡ್ಲಿಯೂ ಹಾಗೆಯೇ ಬಸ್ಸಿನಿಂದಿಳಿದ ಜನರ ಹಸಿವನ್ನು ನಂಬಿ ಬೆಳೆಯಿತು. ಅಗಲವಾದ ತಟ್ಟೆಯಲ್ಲಿ ಬೆಂದು, ಮೇಲೊಂದು ಬೆಣ್ಣೆಯ ಮುದ್ದೆಯನ್ನು ಧರಿಸಿ ಬರುವ ಅದನ್ನು ಚಲಿಸುವ ವಾಹನದೊಳಗೆ ಕುಳಿತು ತಿಂದವರು ಅಂಗಿಯನ್ನು ಒಗೆಯಬೇಕಾದೀತೇ ಹೊರತು ಇಡ್ಲಿಯನ್ನು ತಿಂದಂತಾಗದು. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳ ಅಂಗಡಿಗಳು ಹೆದ್ದಾರಿಯ ಇಕ್ಕೆಲಗಳಲ್ಲಿ ಸಾಲುಗಟ್ಟಿದ್ದೂ, ಕಾರಿನ ಕಿಟಕಿಯಿಂದ ಅವನ್ನು ಕಂಡು ಹಟಹಿಡಿದ ಮಕ್ಕಳ ಕೃಪೆಯಿಂದಲೇ.

2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹೊಸ ದಶಪಥವು ಸುಮಾರು 118 ಕಿಲೋಮೀಟರಿನ ಈ ದಾರಿಯನ್ನು ಮೂರು ಗಂಟೆಯಿಂದ ಒಂದೂಕಾಲು ಗಂಟೆಗೆ ಇಳಿಸಿತೆಂಬುದು ಅದರ ನಿರ್ಮಾತೃಗಳ ಹೆಮ್ಮೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಸ್ಪತ್ರೆಗೆ ಧಾವಿಸುವ ರೋಗಿಗೂ, ತೊಂಡೆ ಬದನೆಗಳನ್ನು ಬಾಡುವ ಮುನ್ನ ಪಟ್ಟಣಕ್ಕೆ ತಲುಪಿಸಬೇಕಾದ ಒಕ್ಕಲಿಗನಿಗೂ ವೇಗವು ಉಪಕಾರಿಯೇ. ಆದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬಳಸಿ ಹೋಗುವ ಆ ಮಾರ್ಗವು ಅವುಗಳನ್ನು ಪ್ರಯಾಣಿಕನ ಕಣ್ಣಿನಿಂದ ಅಳಿಸಿಹಾಕಿತು. ಅದೇ ವರ್ಷದ ಆಗಸ್ಟ್ ಮೊದಲಾಗಿ ದ್ವಿಚಕ್ರವಾಹನ, ಆಟೋರಿಕ್ಷಾ, ಟ್ರಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲವಾದುದರಿಂದ, ಯಾರ ಹೊಲಗಳನ್ನು ಸೀಳಿಕೊಂಡು ರಸ್ತೆ ಹೋಯಿತೋ ಅವರಲ್ಲಿ ಅನೇಕರು ಅದನ್ನು ಬೇಲಿಯಾಚೆಯಿಂದ ನೋಡುವಂತಾಯಿತು. ಹಳೆಯ ಹೆದ್ದಾರಿಯ ಹೋಟಲಿನವರೂ ಬೊಂಬೆಯಂಗಡಿಯವರೂ ವ್ಯಾಪಾರ ಕುಸಿಯಿತೆಂದು ದೂರಿದರು, ದೂರು ನ್ಯಾಯವಾದದ್ದೇ. ಅವರ ನಷ್ಟವನ್ನು ಕುರಿತು ಪತ್ರಿಕೆಗಳು ಸಾಕಷ್ಟು ಬರೆದಿವೆ. ನನ್ನ ಮಾತು ಬೇರೆ. ರಸ್ತೆಯ ಬದಿಯಲ್ಲಿ ಎಂದೂ ಇರದಿದ್ದ ಊಟವೊಂದು ಈ ಸೀಮೆಯಲ್ಲಿದೆ. ಹೆದ್ದಾರಿಯು ಹಳೆಯದಿದ್ದಾಗಲೂ ಅದು ಪ್ರಯಾಣಿಕರಿಗೆ ಸಿಕ್ಕುತ್ತಿರಲಿಲ್ಲ, ಈಗಲಂತೂ ಅದರ ಸುಳಿವೇ ಅವರಿಗೆ ಹತ್ತುವಂತಿಲ್ಲ. ಅದನ್ನೂ, ಅದರ ನೆರೆಯಲ್ಲಿರುವ ನಿಶ್ಶಬ್ದವಾದ ಕೆಲವು ಎಡೆಗಳನ್ನೂ ಜನರು ಅರಿಯಬೇಕೆಂಬುದು ನನ್ನ ಅಪೇಕ್ಷೆ. ಹಾಗೆ ಅರಿತ ಜನರು ಅವನ್ನು ಕೆಡಿಸದಿರಬೇಕೆಂಬುದು ಅಷ್ಟೇ ಬಲವಾದ ಅಪೇಕ್ಷೆ. ಈ ಎರಡನ್ನೂ ಒಟ್ಟಿಗೆ ಬಯಸುವುದು ಕಷ್ಟವೆಂಬುದನ್ನು ಬಲ್ಲೆ.

ಈ ಸೀಮೆಯ ಅಕ್ಕೂರಿನಂಥ ಒಂದು ಹಳ್ಳಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತವನು ಮೊದಲು ಕಲಿಯಬೇಕಾದದ್ದು ಮುದ್ದೆಯನ್ನು ಅಗಿಯಬಾರದೆಂಬ ನಿಯಮ. ಕುದಿಯುವ ಎಸರಿಗೆ ಒಂದಿಷ್ಟು ನುಚ್ಚನ್ನೋ ಅನ್ನವನ್ನೋ ಬಿಟ್ಟು, ಅದರ ಮೇಲೆ ರಾಗಿಹಿಟ್ಟನ್ನು ಸುರಿದು, ಹಿಟ್ಟು ಬೇಯುವವರೆಗೆ ಕೈಯಾಡಿಸದೆ ಕಾದಿದ್ದು, ಆಮೇಲೆ ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು ಕೋಲಿನಿಂದ ತಿರುವುವಾಗ ಗೃಹಿಣಿಯ ಭುಜಬಲವೆಷ್ಟು, ಸಮಯಜ್ಞಾನವೆಷ್ಟು ಎಂಬುದು ನೋಡಿದವರಿಗೇ ಗೊತ್ತು. ಒಂದು ಗಂಟು ಉಳಿದರೂ ಆ ದಿನದ ಮುದ್ದೆಗೆ ಮಾನವಿಲ್ಲ. ಅದರ ಜತೆಗೆ ಬರುವ ಉಪ್ಪುಸಾರು ಅದ್ಭುತವಾದ ಸರಳತೆಯ ವಸ್ತು. ಸೊಪ್ಪು ಕಾಳುಗಳನ್ನು ಉಪ್ಪುಹಾಕಿ ಬೇಯಿಸಿ ಬಸಿದ ನೀರೇ ಸಾರು. ಬಸಿದುಳಿದ ಸೊಪ್ಪು ಕಾಳುಗಳು ಒಗ್ಗರಣೆ ಹಾಕಿಸಿಕೊಂಡು ಪಲ್ಯವಾಗುತ್ತವೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣುಗಳನ್ನು ಅರೆದ ಖಾರವು ಎಲೆಯ ಮೂಲೆಯಲ್ಲಿ ಪ್ರತ್ಯೇಕವಾಗಿ ಕುಳಿತು, ಉಣ್ಣುವವನು ತನ್ನ ಯೋಗ್ಯತೆಗೆ ತಕ್ಕಷ್ಟನ್ನು ಸಾರಿನಲ್ಲಿ ಕಿವುಚಿಕೊಳ್ಳಲೆಂದು ಕಾಯುತ್ತದೆ. ಬಸಿದ ನೀರನ್ನೇ ಮಸಾಲೆ ಕೂಡಿಸಿ ಕುದಿಸಿದರೆ ಬಸ್ಸಾರು. ಒಂದೇ ಬೇಯಿಸುವಿಕೆಯಿಂದ ಸಾರು, ಪಲ್ಯ ಎರಡನ್ನೂ ಪಡೆದು ಯಾವುದನ್ನೂ ಚೆಲ್ಲದ ಈ ಅಡಿಗೆಯ ಮಿತವ್ಯಯವನ್ನು ನಮ್ಮ ಅರ್ಥಶಾಸ್ತ್ರಜ್ಞರು ಸಾವಕಾಶವಾಗಿ ಉಂಡು ನೋಡಬೇಕು. ಸೊಪ್ಪೆಂದರೆ ಪೇಟೆಯ ಒಂದು ಕಟ್ಟಿನ ಸೊಪ್ಪಲ್ಲ; ಅಣ್ಣೆ, ದಂಟು, ಹೊನಗೊನೆ ಮೊದಲಾದುವುಗಳನ್ನು ಹೊಲದ ಬದುವಿನಿಂದ ಕಿತ್ತುತಂದು ಬೆರಸಿದ ಬೆರಕೆ ಸೊಪ್ಪು, ಮಳೆ ಹೆಚ್ಚಿದಷ್ಟೂ ಬಗೆ ಹೆಚ್ಚುವಂಥದು.

ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ್ದ 2023ರಲ್ಲಿ ದಶಪಥದ ಮೇಲೆ ಹಾಯ್ದುಹೋದ ಎಷ್ಟು ಜನ ಆರೋಗ್ಯಾಭಿಲಾಷಿಗಳು ರಾಗಿಯ ಬಿಸ್ಕತ್ತಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದು, ಎಡಬಲದ ಮನೆಗಳ ಒಲೆಯ ಮೇಲಿದ್ದ ಮುದ್ದೆಯನ್ನು ದಾಟಿ ಹೋದರೋ!

ಎಲ್ಲ ಕಾಲದಲ್ಲಿಯೂ ಎಲ್ಲವೂ ದೊರೆಯದಿರುವುದು ಈ ಊಟದ ಇನ್ನೊಂದು ಗುಣ. ಮಾಗಿಯ ಮಂಜು ಬೀಳುವ ದಿನಗಳಲ್ಲಿ ಬರುವ ಸೊಗಡವರೆಗಾಗಿ ವರ್ಷದ ಉಳಿದ ತಿಂಗಳುಗಳೆಲ್ಲ ಕಾಯಬೇಕು. ಮಾಗಡಿಯ ಕಡೆಯ ಅವರೆಕಾಯಿಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ವಿಶೇಷ ಮನ್ನಣೆಯುಂಟಾದರೂ, ಕಿತ್ತ ದಿನವೇ ಸುಲಿದು, ರಾತ್ರಿ ನೆನೆಹಾಕಿ, ಬೆಳಗ್ಗೆ ಮನೆಮಂದಿಯೆಲ್ಲ ಸುತ್ತ ಕುಳಿತು ಒಂದೊಂದೇ ಕಾಳಿನ ಸಿಪ್ಪೆ ಹಿದುಕಿ ತೆಗೆದು ಮಾಡಿದ ಹಿದುಕಿದಬೇಳೆ ಸಾರಿಗೆ ಸಾಟಿಯಾದದ್ದು ಪೇಟೆಯಲ್ಲಿ ಇಲ್ಲ. ಕೈಬೆರಳುಗಳಲ್ಲಿ ಆ ಸೊಗಡು ಸಂಜೆಯವರೆಗೂ ನಿಲ್ಲುತ್ತದೆ. ಸಾಬೂನಿಗೂ ಅದು ಸುಲಭವಾಗಿ ಮಣಿಯದು, ಮಣಿಯಲೆಂದು ಯಾರೂ ಬಯಸುವುದೂ ಇಲ್ಲ. ಬೇಸಗೆಗೆ ಈ ಸೀಮೆಯ ಮಾವಿನ ತೋಪುಗಳು ಬಾದಾಮಿ, ಸೇಂದೂರ, ರಸಪೂರಿಗಳಿಂದ ತೂಗುತ್ತವೆ. ಹುರುಳಿಕಾಳಿನ ಸಾರು ಚಳಿಮಳೆಗಳ ನಂಟು. ಋತುವನ್ನು ಕೇಳದೆ ಬಂದು ಇಂಥದೇ ಬೇಕೆನ್ನುವ ಅತಿಥಿಗೆ ಹಳ್ಳಿಯ ಅಡಿಗೆಮನೆ ಉತ್ತರ ಕೊಡಲಾರದು.

ಊಟ ಮುಗಿಸಿ ನಿಶ್ಶಬ್ದವನ್ನು ಅರಸುವವನು ಬೆಟ್ಟಕ್ಕೇ ಹೋಗಬೇಕೆಂಬ ನಿರ್ಬಂಧವಿಲ್ಲ. ನಾನು ಕಂಡ ಅತ್ಯಂತ ಗಂಭೀರವಾದ ಮೌನವು ಇಲ್ಲಿಯ ಹುಳುಮನೆಗಳಲ್ಲಿದೆ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಗಲಾಟೆಯನ್ನು ನೋಡಿದವರಿಗೆ, ಆ ಗೂಡುಗಳು ಎಂಥ ಶಾಂತಿಯಲ್ಲಿ ಹುಟ್ಟಿದವೆಂಬುದರ ಕಲ್ಪನೆ ಬರಲಾರದು. ರೇಷ್ಮೆಹುಳುವು ತನ್ನ ಆಯುಷ್ಯದಲ್ಲಿ ನಾಲ್ಕು ಬಾರಿ ಪೊರೆ ಬಿಡುತ್ತದೆ. ಸಾಕುವವರು ಅದನ್ನು ಜ್ವರವೆನ್ನುತ್ತಾರೆ. ಜ್ವರ ಮಲಗಿದ ಹುಳುವು ತಲೆಯೆತ್ತಿ ಅಲುಗದೆ ಇರುವಾಗ ಮನೆಯವರೂ ಪಿಸುಮಾತಿನಲ್ಲಿಯೇ ಓಡಾಡುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದಮೇಲೆ ಹುಳುವಿಗೆ ಬರುವ ಹಸಿವು ಮಹತ್ತರವಾದದ್ದು. ಜನ್ಮದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನ ಐದರಲ್ಲಿ ಸುಮಾರು ನಾಲ್ಕು ಪಾಲನ್ನು ಅದು ಆ ಒಂದು ವಾರದಲ್ಲಿ ಮೇದು ಮುಗಿಸುತ್ತದೆ. ಆಗ ಕತ್ತಲೆಯ ಕೋಣೆಯ ಬಾಗಿಲಲ್ಲಿ ನಿಂತರೆ, ಸಹಸ್ರಾರು ಬಾಯಿಗಳು ಎಲೆ ಕತ್ತರಿಸುವ ಸದ್ದು ದೂರದ ಹಂಚಿನ ಮೇಲೆ ಸೋನೆ ಬಿದ್ದಂತೆ ಕೇಳುತ್ತದೆ. ಒಳಗೆ ಹೋಗುವುದು ಬೇಡ. ಹೊರಗಿನ ರೋಗ ಕಾಲಿನಲ್ಲಿ ಬರುತ್ತದೆ, ತಂಬಾಕಿನ ವಾಸನೆ ಹುಳುವಿಗೆ ವಿಷ. ಬಂದ ನೆಂಟನನ್ನು ಹೊಸ್ತಿಲಾಚೆಯೇ ನಿಲ್ಲಿಸುವುದು ಅಲ್ಲಿ ಅವಮಾನವಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟೆಯೇರುವ ದಿನ ಮನೆಯ ಹಿರಿಯರಿಗೆ ಮಾತನಾಡಲು ಪುರುಸೊತ್ತಿರುವುದಿಲ್ಲ. ಅಂದು ಹೋದವರು ಕುಳಿತು ಮಾತಾಡುವುದಕ್ಕಿಂತ ಹುಳು ಆರಿಸಿಕೊಡುವುದು ಮೇಲು.

ನಿಶ್ಶಬ್ದದ ಇನ್ನೊಂದು ಎಡೆಯಾಗಿ ಚನ್ನಪಟ್ಟಣದ ಬಳಿಯ ದೊಡ್ಡ ಮಳೂರಿನಲ್ಲಿ ಅಪ್ರಮೇಯಸ್ವಾಮಿಯ ದೇವಾಲಯವಿದೆ. ಅದರ ಆವರಣದ ಅಂಬೆಗಾಲು ಕೃಷ್ಣನನ್ನು ಕಂಡೇ ಪುರಂದರದಾಸರು ‘ಜಗದೋದ್ಧಾರನ’ವನ್ನು ರಚಿಸಿದರೆಂಬ ಪ್ರತೀತಿಯುಂಟು. ಸಂತಾನವನ್ನು ಬಯಸಿದವರು ಹರಕೆಗೆ ತಂದೊಪ್ಪಿಸಿದ ಪುಟ್ಟ ಮರದ ತೊಟ್ಟಿಲುಗಳು ಅಲ್ಲಿ ತೂಗಾಡುತ್ತವೆ. ಹಬ್ಬದ ದಿನಗಳಲ್ಲಿ ಕಾಲಿಡಲೂ ಸ್ಥಳವಿರದ ಆ ಗುಡಿ, ವಾರದ ನಡುವಣ ಯಾವುದಾದರೊಂದು ಮುಂಜಾನೆ ತೀರ ಆಪ್ತವಾಗಿರುತ್ತದೆ. 1946ರಲ್ಲಿ ಕಟ್ಟಿದ ಕಣ್ವ ಜಲಾಶಯವೂ, ಅದರ ಸಮೀಪದಲ್ಲಿ ವ್ಯಾಸರಾಯರ ಗುರುಗಳಾದ ಬ್ರಹ್ಮಣ್ಯತೀರ್ಥರ ಬೃಂದಾವನವಿರುವ ಅಬ್ಬೂರೂ ನನಗೆ ಪ್ರಿಯವಾದುವು. ಬ್ರಹ್ಮಣ್ಯತೀರ್ಥರ ಗುರು ಪುರುಷೋತ್ತಮತೀರ್ಥರು ಹೊಕ್ಕರೆಂದು ಹೇಳುವ ಗುಹೆಯೂ ಅಲ್ಲೇ ಹತ್ತಿರದಲ್ಲಿದೆ.

ಬೆಟ್ಟಗಳ ವಿಚಾರವನ್ನು ಎತ್ತಿದರೆ ನನ್ನ ಸೌಮ್ಯತೆ ಕಡಮೆಯಾಗುತ್ತದೆ. ರಾಮನಗರದ ಬಂಡೆಗಳು ಸುಮಾರು 250 ಕೋಟಿ ವರ್ಷಗಳ ಹಿಂದಿನವು. ಊರಿಗೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆಯೆಂದಿದ್ದ ಹಳೆಯ ಹೆಸರು ಊರನ್ನು ಬಿಟ್ಟರೂ, ಭೂವಿಜ್ಞಾನಿಗಳ ಪುಸ್ತಕದಲ್ಲಿ ಈ ಕಲ್ಲಿಗೆ ಇಂದಿಗೂ ಅಂಟಿಕೊಂಡಿದೆ. ಜನಕ್ಕೆ ಮಾತ್ರ ಅವು 1975ರ ‘ಶೋಲೆ’ಯ ಬಂಡೆಗಳು. ಡೇವಿಡ್ ಲೀನರು ಫಾರ್ಸ್ಟರರ ಕಾದಂಬರಿಯನ್ನು ಚಿತ್ರಮಾಡಿದಾಗಲೂ ಪ್ರತಿಧ್ವನಿಸುವ ಗುಹೆಗಳಿಗಾಗಿ ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ ಬಂದರು. ಆದರೆ ರಾಮದೇವರ ಬೆಟ್ಟದ ನಿಜವಾದ ನಿವಾಸಿ ಉದ್ದಕೊಕ್ಕಿನ ರಣಹದ್ದು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಔಷಧಿಯು ಕಳೇಬರದ ಮೂಲಕ ಹೊಟ್ಟೆ ಸೇರಿ ದೇಶದ ರಣಹದ್ದುಗಳ ಕುಲವೇ ನಾಶವಾಗುತ್ತ ಬಂದಮೇಲೆ, ಅಳಿದುಳಿದವುಗಳಲ್ಲಿ ಕೆಲವು ಈ ಬಂಡೆಗಳ ಚಾಚುಗಳಲ್ಲಿ ಗೂಡುಕಟ್ಟಿಕೊಂಡಿದ್ದುವೆಂದು 2012ರಲ್ಲಿ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಸಾರಲಾಯಿತು. ಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅದೂ ಚಳಿಗಾಲದಲ್ಲಿ, ನಮ್ಮ ನಗರವಾಸಿಗಳು ಬೆಟ್ಟ ಹತ್ತಲು ಉತ್ಸಾಹದಿಂದ ಹೊರಡುವ ಕಾಲದಲ್ಲಿಯೇ. ಕೂಗಾಟ, ಪಟಾಕಿ, ಧ್ವನಿವರ್ಧಕಗಳಿಗೆ ಬೆದರಿ ಗೂಡು ಬಿಟ್ಟು ಹಾರಿದ ಹಕ್ಕಿಗೆ ಆ ವರ್ಷ ಎರಡನೆಯ ಅವಕಾಶವಿಲ್ಲ. ಹೀಗಿರುವಲ್ಲಿ ಇಂಥ ಬೆಟ್ಟಗಳಿಗೆ ಹಗ್ಗದ ತೊಟ್ಟಿಲು, ಗಾಜಿನ ಸೇತುವೆ, ಬಣ್ಣದ ದೀಪಗಳನ್ನು ಬಯಸುವ ಮನೋವೃತ್ತಿಗೆ ಅಭಿವೃದ್ಧಿಯೆಂಬ ಗೌರವದ ಹೆಸರು ಸಲ್ಲತಕ್ಕದ್ದಲ್ಲ.

ಕನಕಪುರದಾಚೆಯ ಸಂಗಮದ ಕಥೆ ಇನ್ನೂ ಖೇದಕರ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ಕಾವೇರಿಯನ್ನು ಕೂಡುವ ಮುನ್ನ, ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿಯನ್ನು ಒಳಗೊಂಡು ಬರುತ್ತದೆ; ಭಾನುವಾರದ ಪ್ರವಾಸಿ ದಡದಲ್ಲಿ ಚೆಲ್ಲಿಹೋಗುವ ಪ್ಲಾಸ್ಟಿಕ್ಕು, ಅವನ ಊರು ವಾರವೆಲ್ಲ ಕಳಿಸಿದ ಕಾಣಿಕೆಯ ಮುಂದೆ ಅಲ್ಪವೇ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ನಗರದವರಿಗೆ ಹಿತವಾಗಿ ತೋರುವ ಸಂಜೆಯ ನೀರವತೆ ಇಲ್ಲಿಯ ರೈತನಿಗೆ ಭಯದ ಹೊತ್ತು. ಚನ್ನಪಟ್ಟಣ, ಕನಕಪುರಗಳ ಹಳ್ಳಿಗಳಿಗೆ ಕಾವೇರಿ ವನ್ಯಧಾಮದ ಕಡೆಯಿಂದ ಆನೆಗಳು ಇಳಿದು ಬಂದು, ತೆಂಗಿನ ಸಸಿ, ಬಾಳೆ, ರಾಗಿಯ ಮೆದೆಗಳನ್ನು ಒಂದೇ ಇರುಳಿನಲ್ಲಿ ಧ್ವಂಸಮಾಡಿದ್ದುಂಟು. ಜೀವಗಳು ಹೋದದ್ದೂ ಉಂಟು. ತೋಟದಲ್ಲಿ ಪಟಾಕಿ ಹೊಡೆದು, ಡಬ್ಬ ಬಡಿದು ಬೆಳಗು ಮಾಡುವವರ ಊರಿಗೆ ಹೋಗಿ ಶಾಂತಿಯ ಮಹಿಮೆಯನ್ನು ಬೋಧಿಸುವುದು ಸಭ್ಯತೆಯಲ್ಲ. ಕತ್ತಲಾದಮೇಲೆ ಕೆರೆಯೇರಿಯ ಮೇಲೆ ಅಡ್ಡಾಡಬೇಡಿರೆಂದು ಮನೆಯವರು ತಡೆದರೆ ತರ್ಕಮಾಡದೆ ಒಳಗೆ ಬರತಕ್ಕದ್ದು.

ಏನು ಮಾಡಬಹುದೆಂದು ಕೇಳಿದರೆ, ದೊಡ್ಡ ಯೋಜನೆಗಳು ಬೇಡವೆನ್ನುತ್ತೇನೆ. ದಶಪಥದ ಇಳಿದಾರಿಗಳಲ್ಲಿ ಊರುಗಳ ಹೆಸರಿನೊಡನೆ ಅಲ್ಲಿ ಸಿಗುವ ಬೊಂಬೆ, ಇಡ್ಲಿ, ರೇಷ್ಮೆಗಳ ಉಲ್ಲೇಖವೂ ಇರುವ ಕನ್ನಡ ಫಲಕಗಳನ್ನು ನಿಲ್ಲಿಸಲಿ. ಚಳಿಗಾಲದಲ್ಲಿ ಹದ್ದುಧಾಮದ ಸುತ್ತ ಸದ್ದನ್ನು ನಿಷೇಧಿಸಿ, ನಿಷೇಧವನ್ನು ನಿಜವಾಗಿಯೂ ಪಾಲಿಸಲಿ. ಹೆಚ್.ಎಲ್. ನಾಗೇಗೌಡರು 1994ರಲ್ಲಿ ಇದೇ ಹಳೆಯ ಹೆದ್ದಾರಿಯ ಬದಿಯಲ್ಲಿ ಜಾನಪದ ಲೋಕವನ್ನು ತೆರೆದು, ಹಳ್ಳಿಯ ಒನಕೆ ಬೀಸುಕಲ್ಲುಗಳನ್ನು ಜನರು ನಿಂತು ನೋಡುವಂತೆ ಮಾಡಿದರು. ಇನ್ನು ಮುಂದೆ ಆ ಒನಕೆಯ ಕುಲದವರ ಅಡಿಗೆಯನ್ನು ಕುಳಿತು ಉಣ್ಣುವ ಏರ್ಪಾಡು ಹಳ್ಳಿಗಳಲ್ಲಿಯೇ ಆಗಲಿ. ಸ್ತ್ರೀಶಕ್ತಿ ಸಂಘಗಳು ವಾರಕ್ಕೆರಡು ಮಧ್ಯಾಹ್ನ, ಇಪ್ಪತ್ತು ಎಲೆಗೆ ಮೀರದಂತೆ ಊಟ ಹಾಕಿದರೆ ಸಾಕು. ಇಪ್ಪತ್ತೊಂದನೆಯವನು ಮುಂದಿನ ವಾರ ಬರಲಿ. ಬರುವವರು ಹಿಂದಿನ ದಿನವೇ ತಿಳಿಸಬೇಕು, ಏಕೆಂದರೆ ಎಸರಿಗೆ ಹಿಟ್ಟು ಬಿದ್ದಮೇಲೆ ಮುದ್ದೆಯ ಲೆಕ್ಕ ಬದಲಾಗುವುದಿಲ್ಲ. ಹಣವನ್ನು ಸಂಘದ ಪುಸ್ತಕಕ್ಕೆ ಕೊಡಬೇಕೇ ಹೊರತು ಬಡಿಸುವ ಕೈಗೆ ಕೊಡಬಾರದು. “ಇನ್ನರ್ಧ ಆಕುಸ್ಕಳಿ, ದಾರೀಲಿ ಹಸಿವಾದಾತು” ಎಂದು ಅವ್ವ ಸೌಟು ಹಿಡಿದು ನಿಂತಾಗ ಬೇಡವೆನ್ನುವ ಧೈರ್ಯ ನನಗಂತೂ ಬಂದಿಲ್ಲ. ಆದ್ದರಿಂದ ಮೊದಲ ಬಾರಿ ಹೋಗುವವರು ಬೆಳಗಿನ ತಿಂಡಿಯನ್ನು ಬಿಟ್ಟು ಹೊರಡುವುದು ಕ್ಷೇಮ.