ಬೇಡವೆಂದರೆ ನಂಬೋಣ

ಅಡಿಕೆ ಕ್ಯಾನ್ಸರ್ ತರುತ್ತದೋ, ಗುಣಪಡಿಸುತ್ತದೋ? ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ತೋಟದವರಿಗೆ ಇದು ಹಳೆಯ ಜಗಳ. ಹೊಗೆಸೊಪ್ಪು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. 2016ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಅಡಿಕೆಯ ಅರೆಕೊಲಿನ್ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ನಿಧಾನಿಸಿತೆಂದು ಬರೆದರು. ನಮ್ಮೂರು ತಲುಪುವಾಗ ಅದು ‘ಅಡಿಕೆ ಕ್ಯಾನ್ಸರಿಗೆ ಮದ್ದು’ ಎಂದಾಗಿತ್ತು.

ತೋಟದವರನ್ನು ಮಾತ್ರ ದೂರಿ ಫಲವಿಲ್ಲ. ಇಲಿಯನ್ನು ನಂಬಿ ಕೆಟ್ಟವರಲ್ಲಿ ಔಷಧ ಕಂಪೆನಿಗಳೇ ಮುಂದು. ಪ್ರಾಣಿಗಳಲ್ಲಿ ಪಾಸಾಗಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಬಂದ ನೂರು ಕ್ಯಾನ್ಸರ್ ಮದ್ದುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಅಂಗಡಿಯ ಮುಖ ಕಾಣುವುದಿಲ್ಲ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಮದ್ದನ್ನು, ಮಂಗಗಳಿಗೆ ತೊಂದರೆಯಿಲ್ಲವೆಂದು ಕಂಡ ಪ್ರಮಾಣದ ಐನೂರರಲ್ಲಿ ಒಂದು ಪಾಲಿನಷ್ಟೇ ಕೊಟ್ಟಿದ್ದರೂ, ಆರೋಗ್ಯವಂತರಾಗಿದ್ದ ಆರು ಮಂದಿ ಐಸಿಯು ಸೇರಿದರು.

ಹಾಗಾಗಿ ಮನುಷ್ಯನದೇ ಅಂಗಾಂಶವನ್ನು ಲ್ಯಾಬಿನಲ್ಲಿ ಬೆಳೆಸಿ, ಮದ್ದನ್ನು ಮೊದಲು ಅದಕ್ಕೆ ಕೊಟ್ಟು ನೋಡುವ ದಾರಿ ಹುಟ್ಟಿತು. 2009ರಲ್ಲಿ ನೆದರ್‌ಲ್ಯಾಂಡ್ಸಿನ ಹಾನ್ಸ್ ಕ್ಲೆವರ್ಸ್ ತಂಡ ಇಲಿಯ ಕರುಳಿನ ಒಂದೇ ಕಾಂಡಕೋಶದಿಂದ ಪುಟ್ಟ ಕರುಳನ್ನು ಬೆಳೆಸಿತು. ಮನುಷ್ಯನ ಗಡ್ಡೆಯ ಸರದಿ ಬೇಗನೆ ಬಂತು. ಬಯಾಪ್ಸಿಯ ಚೂರನ್ನು ಸಣ್ಣಗೆ ಕತ್ತರಿಸಿ, ಕಿಣ್ವದಲ್ಲಿ ನೆನೆಸಿ ಕೋಶಗಳನ್ನು ಬಿಡಿಸುತ್ತಾರೆ. ತಣ್ಣಗಿನ ಜೆಲ್ಲಿನಲ್ಲಿ ಕಲಸಿ ತಟ್ಟೆಯ ಮೇಲೆ ಹನಿ ಇಡುತ್ತಾರೆ. ಕೋಶಗಳು ತಳ ಹಿಡಿಯಬಾರದೆಂದು ಜೆಲ್ ಗಟ್ಟಿಯಾಗುವವರೆಗೆ ತಟ್ಟೆಯನ್ನು ಕವುಚಿ ಇಡುವುದೂ ಉಂಟು. ಕೆಲವು ದಿನಗಳಲ್ಲಿ ಅದರೊಳಗೆ ಕಣ್ಣಿಗೆ ಕಂಡೂ ಕಾಣದಂಥ ಉಂಡೆಗಳು ಮೂಡುತ್ತವೆ. ಇವೇ ಆರ್ಗನಾಯ್ಡ್. (ಇಲಿ ಇಲ್ಲಿಯೂ ಬಿಟ್ಟಿಲ್ಲ: ಹೆಚ್ಚಾಗಿ ಬಳಸುವ ಜೆಲ್ ತೆಗೆಯುವುದು ಇಲಿಯ ಗಡ್ಡೆಯಿಂದಲೇ.)

ಈ ಆರ್ಗನಾಯ್ಡುಗಳ ಮಾತನ್ನು ಎಷ್ಟು ನಂಬಬೇಕು? ‘ಬೇಡ’ ಎಂದರೆ ಚೆನ್ನಾಗಿಯೇ ನಂಬಬೇಕು, ‘ಆಗಬಹುದು’ ಎಂದರೆ ಅರ್ಧ ಸಾಕು ಎಂಬುದು ನನ್ನ ವಾದ. ಕರುಳು, ಜಠರದ ಕ್ಯಾನ್ಸರ್ ಹರಡಿದವರ ಆರ್ಗನಾಯ್ಡುಗಳ ಬಗ್ಗೆ 2018ರಲ್ಲಿ ಲಂಡನ್ನಿನಿಂದ ಬಂದ ವರದಿಯಲ್ಲಿ, ಲ್ಯಾಬ್ ನಾಟದು ಎಂದ ಮದ್ದು ಯಾವ ರೋಗಿಗೂ ನಾಟಿರಲಿಲ್ಲ. ನಾಟುತ್ತದೆ ಎಂದದ್ದು ಶೇ. 88ರಷ್ಟು ಮಾತ್ರ ನಿಜವಾಗಿತ್ತು. ರೋಗಿಗಳ ಸಂಖ್ಯೆ ಸಣ್ಣದು, ಆದರೂ ಒಲವು ಯಾವ ಕಡೆಗೆಂದು ಕಾಣುತ್ತದೆ. ನಾಟದ ಕೀಮೋ ತಪ್ಪಿದರೆ ಕೂದಲು, ದುಡ್ಡು, ಮಂಗಳೂರಿಗೋ ತಲಶ್ಶೇರಿಗೋ ಅಲೆಯುವ ದಿನಗಳು ಉಳಿಯುತ್ತವೆ. ಬಡ ಮನೆಗೆ ಇದು ಸಣ್ಣ ಮಾತಲ್ಲ.

‘ಆಗಬಹುದು’ ಎಂಬುದಕ್ಕೆ ಅರ್ಧ ನಂಬಿಕೆ ಏಕೆಂದರೆ, ಉಂಡೆಗೆ ಯಕೃತ್ತಿಲ್ಲ, ಓಡುವ ರಕ್ತವಿಲ್ಲ, ಹೊಟ್ಟೆಯಲ್ಲಿ ಬೆಳೆಯುವ ಮಗುವಿಲ್ಲ, ಇಪ್ಪತ್ತು ವರ್ಷದ ಆಯುಸ್ಸಿಲ್ಲ. ಈ ಜಿಲ್ಲೆಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ, ಅದು ಜನರ ಆರೋಗ್ಯ ಕೆಡಿಸುತ್ತಿದೆಯೆಂಬ ಅನುಮಾನ ಹುಟ್ಟಿದ್ದು ಲ್ಯಾಬಿನಲ್ಲಲ್ಲ, ಪಡ್ರೆಯ ಡಾ. ವೈ. ಎಸ್. ಮೋಹನ್ ಕುಮಾರ್ ಅವರಂಥ ಹಳ್ಳಿ ವೈದ್ಯರ ಕಣ್ಣಿನಲ್ಲಿ.

ಯಾರ ಅಂಗಾಂಶ ಎಂಬುದು ಇನ್ನೊಂದು ಪ್ರಶ್ನೆ. ವರ್ಷಗಟ್ಟಲೆ ಎಲೆ-ಅಡಿಕೆ ಹಾಕಿದವರಲ್ಲಿ ಕೆಲವರ ಬಾಯಿಯ ಒಳಚರ್ಮ ನಾರುಗಟ್ಟಿ ಬಿಗಿಯುತ್ತದೆ, ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯದು. ಅಂಥ ಬಾಯಿಯ ಗಡ್ಡೆಗೆ ಮದ್ದು ಹೇಗೆ ಇಳಿಯುತ್ತದೆಂದು ಯುರೋಪಿನ ಕರುಳಿನ ಉಂಡೆ ಹೇಳಲಾರದು. ಬೆಂಗಳೂರಿನ ಮಿತ್ರ ಬಯೋಟೆಕ್ 2015ರಲ್ಲಿ ಪ್ರಕಟಿಸಿದ ಕೆಲಸ ನನಗೆ ಹಿಡಿಸುವುದು ಇದಕ್ಕೇ. ತಲೆ-ಕುತ್ತಿಗೆ ಮತ್ತು ಕರುಳಿನ ಗಡ್ಡೆಗಳ ತೆಳು ಚೂರುಗಳನ್ನು ಆಯಾ ರೋಗಿಯದೇ ರಕ್ತದ ಸೀರಮ್ಮಿನಲ್ಲಿ ಬದುಕಿಸಿಟ್ಟು ಅವರು ಮದ್ದು ಪರೀಕ್ಷಿಸಿದರು.

ಕಾನೂನಿನ ಅಡ್ಡಿಯಿಲ್ಲ. ಹೊಸ ಮದ್ದಿನ ಪರೀಕ್ಷೆಯಲ್ಲಿ ಪ್ರಾಣಿಗಳ ಬದಲು ಇಂಥ ವಿಧಾನಗಳನ್ನು ಬಳಸಲು ಕೇಂದ್ರ ಸರಕಾರ 2023ರ ತಿದ್ದುಪಡಿಯಲ್ಲಿ ದಾರಿ ಮಾಡಿದೆ. ಇಲ್ಲದಿರುವುದು ಚೂರು. ಕೇರಳ-ಕರ್ನಾಟಕ ಗಡಿಯ ಎರಡೂ ಕಡೆ ಆಪರೇಷನ್ ಮಾಡಿ ತೆಗೆಯುವ ಬಾಯಿಯ ಗಡ್ಡೆಗಳಿಂದ ಒಂದಿಷ್ಟು, ರೋಗಿಗೆ ಅವರ ಭಾಷೆಯಲ್ಲಿ, ಕನ್ನಡವೋ ತುಳುವೋ ಮಲಯಾಳವೋ, ವಿವರಿಸಿ ಒಪ್ಪಿಗೆ ಪಡೆದು ಲ್ಯಾಬಿಗೆ ಹೋಗಬೇಕು. ಅಡಿಕೆಯ ಮಾನ ಉಳಿಸಲು ಸಂಶೋಧನೆಗೆ ಹಣ ಹೂಡುವ ಬೆಳೆಗಾರರ ಸಂಸ್ಥೆಗಳು ಇನ್ನೊಂದು ಇಲಿಗೆ ಖರ್ಚು ಮಾಡುವ ಮೊದಲು ಇದಕ್ಕೆ ಕೊಡಲಿ. ಬಂದ ಫಲಿತಾಂಶ ಹೇಗಿದ್ದರೂ ಪ್ರಕಟಿಸಲಿ.